ಸೊಳ್ಳೆ ಏನನ್ನೂ ಕಲಿತಿಲ್ಲ

‘ಮಂಗ ಮನುಷ್ಯನಾದದ್ದನ್ನು ಕಂಡವರು ಯಾರು?’ ಜೀವವಿಕಾಸದ ಮಾತು ಎದ್ದಲ್ಲೆಲ್ಲ ಈ ಪ್ರಶ್ನೆಯೂ ಏಳುತ್ತದೆ. ಕೃಷ್ಣರಾಜಪುರದ ಸಂತೆಯ ಪಕ್ಕದ ಚಹಾದಂಗಡಿಯಲ್ಲಿ ಕೇಳಿದ್ದೇವೆ, ಮದುವೆ ಮನೆಯ ದಸ್ತರ್‌ಖಾನಿನ ಮುಂದೆ ಕೇಳಿದ್ದೇವೆ. 2018ರ ಜನವರಿಯಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಖಾತೆಯ ರಾಜ್ಯ ಸಚಿವರಾಗಿದ್ದ ಸತ್ಯಪಾಲ್ ಸಿಂಗ್ ಅವರ ಬಾಯಿಂದ ಇಡೀ ದೇಶವೇ ಕೇಳಿತು. ಡಾರ್ವಿನ್ ಹೇಳಿದ್ದು ವೈಜ್ಞಾನಿಕವಾಗಿ ತಪ್ಪು, ಮಂಗ ಮನುಷ್ಯನಾಗಿದ್ದನ್ನು ಕಂಡೆನೆಂದು ನಮ್ಮ ಪೂರ್ವಿಕರು ಯಾರೂ ಬರೆದಿಟ್ಟಿಲ್ಲ, ಆದ್ದರಿಂದ ಪಠ್ಯ ಬದಲಾಗಬೇಕು ಎಂಬುದು ಅವರ ವಾದವಾಗಿತ್ತು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ಇದನ್ನು ಅಲ್ಲಗಳೆದು ಹೇಳಿಕೆ ಕೊಟ್ಟವು. ಅವುಗಳಲ್ಲೊಂದು ಸಿ.ವಿ. ರಾಮನ್ 1934ರಲ್ಲಿ ನಮ್ಮ ಬೆಂಗಳೂರಿನಲ್ಲೇ ಕಟ್ಟಿದ ಅಕಾಡೆಮಿ. ಹೇಳಿಕೆ ಪತ್ರಿಕೆಗಳಲ್ಲಿ ಬಂತು, ಹೋಯಿತು. ಐದು ವರ್ಷ ಕಳೆಯುವಷ್ಟರಲ್ಲಿ, 2023ರಲ್ಲಿ, ಕೇಂದ್ರದ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿದ್ದ ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂಬ ಪಾಠ ಬರೀ ‘ಅನುವಂಶೀಯತೆ’ಯಾಗಿ ಉಳಿಯಿತು. ಹಿಂದಿನ ಅರ್ಧವನ್ನು ಕತ್ತರಿ ತಿಂದಿತ್ತು.

ಮಂಗನಿಂದ ಮನುಷ್ಯ ಎಂದು ಯಾವ ಜೀವವಿಜ್ಞಾನಿಯೂ ಹೇಳುವುದಿಲ್ಲ. ಇಬ್ಬರಿಗೂ ಬಹಳ ಹಿಂದೆ ಒಂದೇ ಪೂರ್ವಜ ಇತ್ತು ಎನ್ನುತ್ತಾರೆ. ನಮ್ಮ ಚಿಕ್ಕಪ್ಪನ ಮಗನಿಂದ ನಾವು ಹುಟ್ಟಿಲ್ಲ, ಅಜ್ಜ ಮಾತ್ರ ಒಬ್ಬನೇ. ಆ ವಿಷಯ ಅಷ್ಟಕ್ಕೇ ಸಾಕು. ಮಂಗನ ಹೆಸರು ಹಿಡಿದು ಜಗಳವಾಡುವವರಿಗೆ ನಿಜವಾಗಿ ಬೇಕಾಗಿರುವುದು ಜಗಳ, ಉತ್ತರವಲ್ಲ. ‘ಕಂಡವರು ಯಾರು’ ಎಂಬ ಪ್ರಶ್ನೆಯನ್ನು ಮಾತ್ರ ನಾವು ಬಿಡುವುದಿಲ್ಲ. ಅದಕ್ಕೆ ಉತ್ತರವಿದೆ, ಅದು ನಮ್ಮ ಮೊಹಲ್ಲಾಗಳಲ್ಲೇ ಇದೆ.

ಪಾರಿವಾಳ ಸಾಕುವವರನ್ನು ಕೇಳಿ. ಶಿವಾಜಿನಗರ, ಟ್ಯಾನರಿ ರಸ್ತೆ ಕಡೆಯ ಮನೆಗಳ ಮಹಡಿ ಮೇಲೆ ಗೂಡು ಕಟ್ಟಿಕೊಂಡ ಹಳೆಯ ಕಬೂತರ್‌ಬಾಜರು ಈಗಲೂ ಇದ್ದಾರೆ. ಯಾವ ಗಂಡಿಗೆ ಯಾವ ಹೆಣ್ಣನ್ನು ಕೂಡಿಸಬೇಕು, ಯಾವ ಮರಿಯನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಸಂತೆಗೆ ಕಳಿಸಬೇಕು ಎಂಬುದೇ ಅವರ ವಿದ್ಯೆ. ದೂರದಿಂದ ಗೂಡಿಗೆ ಮರಳುವ ಜೋಡಿಯ ಮರಿಗಳನ್ನೇ ಉಳಿಸಿಕೊಳ್ಳುತ್ತ ಹೋದರೆ ಕೆಲವು ತಲೆಮಾರುಗಳಲ್ಲಿ ಗೂಡು ಮರೆಯದ ತಳಿ ಸಿದ್ಧವಾಗುತ್ತದೆ. ಅವರು ಯಾವ ಗುಣವನ್ನೂ ಹುಟ್ಟಿಸಲಿಲ್ಲ. ಮರಿಗಳ ನಡುವೆ ತಾನಾಗಿ ಬಂದ ಸಣ್ಣ ಸಣ್ಣ ವ್ಯತ್ಯಾಸಗಳಲ್ಲಿ ತಮಗೆ ಬೇಕಾದ್ದನ್ನು ಆರಿಸಿಕೊಂಡರು, ಅಷ್ಟೇ. ಚಾರ್ಲ್ಸ್ ಡಾರ್ವಿನ್ ತನ್ನ ವಾದವನ್ನು ಕಟ್ಟಿದ್ದು ಇದೇ ಜನರ ನಡುವೆ ಕೂತು. ಆತ ಪಾರಿವಾಳ ಸಾಕಿದ, ಲಂಡನ್ನಿನ ಪಾರಿವಾಳ ಸಂಘಗಳಿಗೆ ಸದಸ್ಯನಾದ. 1859ರಲ್ಲಿ ಬಂದ ಅವನ ‘ಜೀವಜಾತಿಗಳ ಉಗಮ’ದ ಮೊದಲ ಅಧ್ಯಾಯದಲ್ಲಿ ಮಂಗನೂ ಇಲ್ಲ, ಮನುಷ್ಯನ ಪೂರ್ವಜನೂ ಇಲ್ಲ. ಅಲ್ಲಿರುವುದು ಸಾಕುಪ್ರಾಣಿ, ಅದರಲ್ಲೂ ಪಾರಿವಾಳ. ಆ ಪುಟಗಳಲ್ಲಿ ಬಾದಶಹ ಅಕ್ಬರನೂ ಬರುತ್ತಾನೆ. ಅವನ ದರ್ಬಾರಿನ ಜೊತೆ 20,000ಕ್ಕೆ ಕಡಿಮೆಯಿಲ್ಲದಷ್ಟು ಪಾರಿವಾಳಗಳು ಪ್ರಯಾಣ ಮಾಡುತ್ತಿದ್ದವು, ಬೇರೆ ಬೇರೆ ತಳಿಗಳನ್ನು ಕೂಡಿಸಿ ಅವನ್ನು ಸುಧಾರಿಸಲಾಗುತ್ತಿತ್ತು ಎಂಬ ವಿವರ ಅಲ್ಲಿದೆ. ಪಾರಿವಾಳ ಹಾರಿಸುವ ಆಟಕ್ಕೆ ಅಕ್ಬರ್ ‘ಇಶ್ಕ್‌ಬಾಜಿ’ ಎಂದು ಹೆಸರಿಟ್ಟಿದ್ದನೆಂದು ಅಬುಲ್ ಫಜಲನ ‘ಐನೆ ಅಕ್ಬರಿ’ಯಿಂದ ತಿಳಿಯುತ್ತದೆ. ಉರ್ದು ಶಾಲೆಯಲ್ಲಿ ಓದಿದ ನಮ್ಮಂಥವರಿಗೆ ಡಾರ್ವಿನ್ ಎಂದರೆ ಅಕ್ಬರ್ ಇಲಾಹಾಬಾದಿಯ ಲೇವಡಿಯ ಶೇರ್ ನೆನಪಾಗುತ್ತದೆ, ಬಾದಶಹ ಅಕ್ಬರನ ಪಾರಿವಾಳ ನೆನಪಾಗುವುದಿಲ್ಲ. ಯಾಕೆಂದರೆ ಶೇರನ್ನು ಹೇಳಿಕೊಟ್ಟರು, ಇನ್ನೊಂದನ್ನು ಹೇಳಿಕೊಡಲಿಲ್ಲ.

ಮಹಡಿಯ ಮೇಲೆ ಆರಿಸುವವನು ಕಬೂತರ್‌ಬಾಜ. ಕಾಡಿನಲ್ಲಿ, ಕೆರೆಯಲ್ಲಿ, ಚರಂಡಿಯಲ್ಲಿ ಆರಿಸುವವರು ಯಾರು? ಡಾರ್ವಿನ್ ಕೇಳಿಕೊಂಡದ್ದು ಇದನ್ನೇ. ಅಲ್ಲಿ ಕೂತು ಆರಿಸುವವರು ಯಾರೂ ಬೇಕಿಲ್ಲ. ಹುಟ್ಟುವ ಮರಿಗಳು ಒಂದರಂತೆ ಒಂದಿರುವುದಿಲ್ಲ. ಹುಟ್ಟಿದವೆಲ್ಲ ಬದುಕುವುದೂ ಇಲ್ಲ. ಹಸಿವು, ಚಳಿ, ಗಿಡುಗ, ರೋಗ, ವಿಷ, ಇವು ಒಂದಿಷ್ಟನ್ನು ತೆಗೆದುಬಿಡುತ್ತವೆ. ಬದುಕಿ ಮರಿಮಾಡಿದವುಗಳ ಗುಣ ಮುಂದಿನ ತಲೆಮಾರಿನಲ್ಲಿ ಸ್ವಲ್ಪ ಹೆಚ್ಚಾಗಿರುತ್ತದೆ. ನಿಸರ್ಗದ ಆಯ್ಕೆ ಎಂದರೆ ಇಷ್ಟೇ. ಇದರಲ್ಲಿ ಪ್ರಾಣಿಯ ಆಸೆ ಇಲ್ಲ, ಪ್ರಯತ್ನ ಇಲ್ಲ, ಪಾಠ ಕಲಿಯುವುದಿಲ್ಲ. ಜಿರಾಫೆ ಎಟುಕದ ಎಲೆಗೆ ಕತ್ತು ಚಾಚಿ ಚಾಚಿ ಉದ್ದ ಮಾಡಿಕೊಂಡಿತು ಎಂಬ ಕಥೆಯನ್ನು ಇವತ್ತಿಗೂ ಮಕ್ಕಳಿಗೆ ಹೇಳುವ ಮೇಷ್ಟರಿದ್ದಾರೆ. ಅದು ಡಾರ್ವಿನ್ ಹೇಳಿದ್ದಲ್ಲ. ದರ್ಜಿಯ ಬೆರಳಿನ ಗಟ್ಟಿ ಚರ್ಮ ಅವನ ಮಗನ ಬೆರಳಿಗೆ ಹುಟ್ಟಿನಿಂದ ಬರುವುದಿಲ್ಲ.

ಈ ವ್ಯತ್ಯಾಸ ಪಂಡಿತರ ಕೂದಲು ಸೀಳುವ ಕೆಲಸ ಎಂದುಕೊಳ್ಳಬೇಡಿ. ನಮ್ಮ ಕಡೆ ಮಳೆಗಾಲ ಬಂದರೆ ಒಂದು ಮಾತು ಮನೆಮನೆಯಲ್ಲಿ ಕೇಳುತ್ತದೆ: ‘ಸೊಳ್ಳೆಗಳಿಗೆ ಕಾಯಿಲ್ ಅಭ್ಯಾಸ ಆಗಿಬಿಟ್ಟಿದೆ ಸಾಬ್, ಅವೂ ಕಲಿತುಬಿಟ್ಟಿವೆ.’ ಅಭ್ಯಾಸವಾಗಿದೆ ಎಂದುಕೊಂಡವರು ಏನು ಮಾಡುತ್ತಾರೆ? ಒಂದರ ಬದಲು ಎರಡು ಕಾಯಿಲ್ ಹಚ್ಚುತ್ತಾರೆ. ಅದರ ಮೇಲೆ ಗೋಡೆಗೆ ದ್ರವದ ಯಂತ್ರ ಸಿಕ್ಕಿಸುತ್ತಾರೆ. ಬೀದಿಗೆ ಹೊಗೆ ಗಾಡಿ ಬರಲಿಲ್ಲವೆಂದು ಕೌನ್ಸಿಲರನ ಮನೆ ಬಾಗಿಲು ಬಡಿಯುತ್ತಿದ್ದರು, ಈಗ ಇನ್ನೊಬ್ಬರ ಬಾಗಿಲು ಬಡಿಯುತ್ತಾರೆ. ಮಗುವಿನ ಕೆಮ್ಮು ಹೆಚ್ಚುತ್ತದೆ, ಸೊಳ್ಳೆ ಕಡಿಮೆಯಾಗುವುದಿಲ್ಲ.

ಸೊಳ್ಳೆ ಏನನ್ನೂ ಕಲಿತಿಲ್ಲ. ನಡೆದಿರುವುದು ಬೇರೆ. ಡೆಂಗಿ ಹರಡುವ ಈಡಿಸ್ ಈಜಿಪ್ಟಿ ಹಗಲು ಕಚ್ಚುವ, ಕಪ್ಪು ಮೈಗೆ ಬಿಳಿ ಪಟ್ಟೆಯಿರುವ ಸೊಳ್ಳೆ. ಅದರ ನರದ ಗೋಡೆಯಲ್ಲಿ ಸೋಡಿಯಂ ಒಳಬಿಡುವ ಅತಿ ಸಣ್ಣ ಬಾಗಿಲುಗಳಿವೆ. ನರ ಸಂದೇಶ ಕಳಿಸಬೇಕಾದಾಗ ಬಾಗಿಲು ತೆರೆಯುತ್ತದೆ, ಮರುಕ್ಷಣ ಮುಚ್ಚುತ್ತದೆ. ಕಾಯಿಲ್, ಗೋಡೆಯ ದ್ರವ, ಡಬ್ಬಿಯ ಸ್ಪ್ರೇ, ಔಷಧ ಸವರಿದ ಸೊಳ್ಳೆಪರದೆ, ಇವುಗಳ ಬ್ರಾಂಡು ಬೇರೆ, ಬಣ್ಣ ಬೇರೆ, ಬೆಲೆ ಬೇರೆ. ಒಳಗಿರುವುದು ಬಹುಪಾಲು ಪೈರೆಥ್ರಾಯ್ಡ್ ಎಂಬ ಒಂದೇ ಕುಲದ ವಿಷ. ಈ ವಿಷ ಆ ಬಾಗಿಲಿಗೆ ಅಡ್ಡ ಸಿಕ್ಕಿಕೊಂಡು ಅದು ಮುಚ್ಚದಂತೆ ಮಾಡುತ್ತದೆ. ನರ ಎಡೆಬಿಡದೆ ಮಿಡಿಯುತ್ತದೆ, ಸೊಳ್ಳೆ ಸೆಟೆದು ಬೀಳುತ್ತದೆ.

ಬಾಗಿಲನ್ನು ಕಟ್ಟುವ ವಿಧಾನ ಸೊಳ್ಳೆಯ ವಂಶವಾಹಿಯಲ್ಲಿ ಬರೆದಿದೆ. ತಲೆಮಾರಿನಿಂದ ತಲೆಮಾರಿಗೆ ಅದನ್ನು ನಕಲು ಮಾಡುವಾಗ ಅಪರೂಪಕ್ಕೆ ಒಂದಕ್ಷರ ತಪ್ಪುತ್ತದೆ. ಹಳೆಯ ಕಾತಿಬರು ಕಿತಾಬು ನಕಲು ಮಾಡುವಾಗ ಒಂದು ನುಖ್ತಾ ತಪ್ಪಿದರೆ ಪದ ಬೇರೆಯಾಗುತ್ತಿತ್ತಲ್ಲ, ಹಾಗೆ. ಬಾಗಿಲಿನ ಸರಪಳಿಯಲ್ಲಿ 1534ನೇ ಕೊಂಡಿ ಒಂದು ಅಮೈನೋ ಆಮ್ಲ. ಅದು ಬದಲಾದರೆ ವಿಷ ಅಲ್ಲಿ ಸರಿಯಾಗಿ ಸಿಕ್ಕಿಕೊಳ್ಳುವುದಿಲ್ಲ. ಈ ಬದಲಾವಣೆ ಬಹಳ ದೇಶಗಳ ಈಡಿಸ್ ಸೊಳ್ಳೆಗಳಲ್ಲಿ ಕಂಡಿದೆ. ಬೆಂಗಳೂರಿನ ಸೊಳ್ಳೆಗಳನ್ನು ಪರೀಕ್ಷಿಸಿದ ನಮ್ಮ ದೇಶದ ವಿಜ್ಞಾನಿಗಳು ಅದೇ 1534ನೇ ಜಾಗದಲ್ಲಿ ಇನ್ನೊಂದು ಹೊಸ ಬಗೆಯ ಬದಲಾವಣೆಯನ್ನೂ ಗುರುತಿಸಿ 2020ರಲ್ಲಿ ಪ್ರಕಟಿಸಿದರು. ‘ಕಂಡವರು ಯಾರು’ ಎಂದು ಕೇಳುವವರು ಇದನ್ನು ಓದಲಿ. ಕಂಡಿದ್ದಾರೆ, ಬೆಂಗಳೂರಿನಲ್ಲೇ ಕಂಡಿದ್ದಾರೆ, ಯಾವ ಕೊಂಡಿ ಎಂದು ಎಣಿಸಿ ಹೇಳಿದ್ದಾರೆ.

ಲೆಕ್ಕಕ್ಕೆ ಹತ್ತು ಸಾವಿರ ಸೊಳ್ಳೆ ಇಟ್ಟುಕೊಳ್ಳಿ, ಅದರಲ್ಲಿ ಐದಕ್ಕೆ ಮಾತ್ರ ಬದಲಾದ ಬಾಗಿಲು. ವಿಷ ಇಲ್ಲದ ಕಾಲದಲ್ಲಿ ಆ ಐದನ್ನು ಕೇಳುವವರಿಲ್ಲ. ಬದಲಾದ ಬಾಗಿಲು ಹೊತ್ತ ಅವು ಉಳಿದವಕ್ಕಿಂತ ಒಂದು ಕೈ ಹಿಂದೆಯೇ ಇದ್ದಾವು. ವಿಷ ಬಂದ ದಿನ ಅವುಗಳ ನಸೀಬು ತಿರುಗುತ್ತದೆ. ಉಳಿದವು ಸಾಯುತ್ತವೆ, ಇವು ಬದುಕುತ್ತವೆ. ಒಂದು ಹೆಣ್ಣು ಸೊಳ್ಳೆ ಒಂದು ಸಲಕ್ಕೆ ಸುಮಾರು ನೂರು ಮೊಟ್ಟೆ ಇಡುತ್ತದೆ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆ ಹತ್ತು ದಿನದೊಳಗೆ ಹಾರುವ ಸೊಳ್ಳೆಯಾಗುತ್ತದೆ. ವರ್ಷಕ್ಕೆ ಇಪ್ಪತ್ತು ತಲೆಮಾರು ಎಂದರೆ ಹೆಚ್ಚಾಗಲಾರದು. ಮನುಷ್ಯರ ಲೆಕ್ಕದಲ್ಲಿ ಅದು ಐನೂರು ವರ್ಷ. ನಾವು ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲಕ್ಕೆ ಬರುವಷ್ಟರಲ್ಲಿ ಸೊಳ್ಳೆಯ ಕುಲ ವಿಜಯನಗರದಿಂದ ಇಲ್ಲಿಯವರೆಗೆ ನಡೆದು ಬಂದಿರುತ್ತದೆ. ಒಂದೊಂದು ಸೊಳ್ಳೆಯೂ ಬದಲಾಗಲಿಲ್ಲ. ಹುಟ್ಟಿದ್ದು ಹೇಗೋ ಹಾಗೆಯೇ ಸತ್ತಿತು. ಬದಲಾದದ್ದು ಸೊಳ್ಳೆಗಳ ಜನಗಣತಿ. ಆ ಗಣತಿಯನ್ನು ಬದಲಾಯಿಸಿದ್ದು ನಮ್ಮ ಕೈಯ ವಿಷ. ಇಲ್ಲಿ ಕಬೂತರ್‌ಬಾಜರು ನಾವೇ, ಸಾಕುತ್ತಿರುವುದು ಏನನ್ನು ಎಂಬುದು ಮಾತ್ರ ನಮಗೆ ಗೊತ್ತಿಲ್ಲ.

ದೇಶ ಇದನ್ನು ಹಿಂದೊಮ್ಮೆ ದೊಡ್ಡ ಬೆಲೆ ಕೊಟ್ಟು ನೋಡಿದೆ. 1953ರಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದಾಗ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತು ಎಂಬ ಅಂದಾಜಿತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರು. ಮನೆಮನೆ ಗೋಡೆಗೆ ಡಿಡಿಟಿ ಹೊಡೆದರು. 1965ರ ಹೊತ್ತಿಗೆ ರೋಗ ಒಂದು ಲಕ್ಷಕ್ಕೆ ಇಳಿಯಿತು. ಇನ್ನೇನು ಮುಗಿಯಿತು ಎಂದರು. 1976ರಲ್ಲಿ ಅರವತ್ತನಾಲ್ಕು ಲಕ್ಷ ಪ್ರಕರಣ! ಹಣ ಸಾಲಲಿಲ್ಲ, ಮೇಲ್ವಿಚಾರಣೆ ಸಡಿಲವಾಯಿತು, ಔಷಧ ಸಮಯಕ್ಕೆ ಬರಲಿಲ್ಲ, ಇವೆಲ್ಲ ಕಾರಣಗಳೇ. ಅವುಗಳ ಜೊತೆಗೆ ಡಿಡಿಟಿಗೆ ಬಗ್ಗದ ಸೊಳ್ಳೆಗಳೂ ಇದ್ದವು. ಅಂಥ ಸೊಳ್ಳೆ ಗುಜರಾತಿನಲ್ಲಿ 1950ರ ದಶಕದ ಕೊನೆಯಲ್ಲೇ ಕಂಡಿತ್ತು. ಡಿಡಿಟಿ ಅಮರಿಕೊಳ್ಳುವುದು ಕೂಡ ಮೇಲೆ ಹೇಳಿದ ಅದೇ ಸೋಡಿಯಂ ಬಾಗಿಲಿಗೆ. ಒಂದಕ್ಕೆ ಬಗ್ಗದ ಬಾಗಿಲು ಇನ್ನೊಂದಕ್ಕೂ ಬಗ್ಗದಿರಬಹುದು. ತಾತನ ಕಾಲದ ವಿಷ ಮೊಮ್ಮಗನ ಕಾಯಿಲನ್ನು ಮೊಂಡು ಮಾಡಿ ಹೋಗಿರಬಹುದು ಎಂದರ್ಥ.

ಕೃಷ್ಣರಾಜಪುರದ ಮನೆಗಳಲ್ಲಿ ಡ್ರಮ್ಮು ಇಲ್ಲದ ಅಡಿಗೆಮನೆ ಹುಡುಕಬೇಕು. 2007ರವರೆಗೆ ನಮ್ಮದು ಬೇರೆಯೇ ಊರು, ಬೇರೆಯೇ ನಗರಸಭೆ. ಬೆಂಗಳೂರಿನೊಳಗೆ ಸೇರಿದ ಮೇಲೂ ನೀರು ಟ್ಯಾಂಕರಿನಲ್ಲೇ ಬಂತು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೂ ಕಾದು ಕೂತ ದಿನಗಳಿದ್ದವು. ಅದೇ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತದ ಉದ್ಘಾಟನೆಯಾಯಿತು, ಆದರೆ ನೀರಿನ ಭಯ ಕಂಡವರು ಡ್ರಮ್ಮನ್ನು ಹೊರಗೆ ಹಾಕುವುದಿಲ್ಲ. ಈ ಡ್ರಮ್ಮಿಗೂ ಈಡಿಸ್‌ಗೂ ಹಳೆಯ ನಂಟು. ಅದರ ಪೂರ್ವಜರು ಆಫ್ರಿಕದ ಕಾಡಿನಲ್ಲಿ ಮರದ ಪೊಟರೆಯಲ್ಲಿ ನಿಂತ ಮಳೆನೀರಿಗೆ ಮೊಟ್ಟೆಯಿಡುತ್ತಿದ್ದವು. ಸಿಕ್ಕ ಪ್ರಾಣಿಯ ರಕ್ತ ಕುಡಿಯುತ್ತಿದ್ದವು. ಅಂಥವು ಆ ಕಾಡುಗಳಲ್ಲಿ ಇನ್ನೂ ಇವೆ. ದೀರ್ಘ ಒಣಹವೆಯಿರುವ ಸೀಮೆಯಲ್ಲಿ ತಿಂಗಳುಗಟ್ಟಲೆ ನೀರು ಸಿಗುವ ಜಾಗ ಒಂದೇ, ಮನುಷ್ಯ ತುಂಬಿಟ್ಟ ಮಡಕೆ. ಆ ಮಡಕೆಯ ಹತ್ತಿರ ಸುಳಿಯುವ, ಮನುಷ್ಯನ ಮೈವಾಸನೆಗೆ ಎಳೆಯುವ ಸೊಳ್ಳೆಗಳ ಸಂತಾನ ಅಲ್ಲಿ ಹೆಚ್ಚಿತು. ಕೆಲವು ಸಾವಿರ ವರ್ಷಗಳಲ್ಲಿ ಮನುಷ್ಯನ ಮನೆಯನ್ನೇ ಮನೆ ಮಾಡಿಕೊಂಡ ಸೊಳ್ಳೆ ಹುಟ್ಟಿತು. ಹಡಗು ಹತ್ತಿ ಅದು ಲೋಕವೆಲ್ಲ ಸುತ್ತಿತು.

ಅದರ ಮೊಟ್ಟೆಯ ಗುಣವನ್ನು ನಮ್ಮ ಹೆಂಗಸರಿಗೆ ಯಾರೂ ಸರಿಯಾಗಿ ಹೇಳಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ. ಮೊಟ್ಟೆಯನ್ನು ಅದು ನೀರಿನ ಮೇಲೆ ತೇಲಿಬಿಡುವುದಿಲ್ಲ. ನೀರಿನ ಮಟ್ಟಕ್ಕಿಂತ ತುಸು ಮೇಲೆ, ಡ್ರಮ್ಮಿನ ಒಳಗೋಡೆಗೆ ಅಂಟಿಸುತ್ತದೆ. ನೀರು ಖಾಲಿಯಾದರೂ ಆ ಮೊಟ್ಟೆ ಒಣಗಿ ಸಾಯುವುದಿಲ್ಲ, ತಿಂಗಳುಗಟ್ಟಲೆ ಕಾಯುತ್ತದೆ. ಮತ್ತೆ ಟ್ಯಾಂಕರ್ ಬಂದು ನೀರು ಆ ಗೆರೆ ಮುಟ್ಟಿದ ದಿನ ಒಡೆಯುತ್ತದೆ. ಪೊಟರೆ ಒಣಗಿ ತುಂಬುವ ಕಾಡಿನಲ್ಲಿ ಯಾವ ಮೊಟ್ಟೆ ಒಣಗು ತಡೆಯಿತೋ ಅದರ ವಂಶ ಉಳಿಯಿತು. ವಾರಕ್ಕೊಮ್ಮೆ ಡ್ರಮ್ಮು ಬಗ್ಗಿಸಿ ನೀರು ಚೆಲ್ಲಿದರೆ ಮರಿಹುಳು ಹೋಗುತ್ತದೆ, ಮೊಟ್ಟೆ ಹೋಗುವುದಿಲ್ಲ. ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆಯಬೇಕು. ಸಂಪಿಗೆ ಮುಚ್ಚಳ ಬಿಗಿಯಾಗಿರಬೇಕು. ಬೀದಿಯ ಹೊಗೆ ಹಾರುವ ಸೊಳ್ಳೆಗೆ ಮಾತ್ರ, ಡ್ರಮ್ಮಿನೊಳಗಿನ ಮೊಟ್ಟೆಗೆ ಅದರ ಸುದ್ದಿಯೂ ಮುಟ್ಟುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೆ ದಂಡ ಎಂದಿತು. ದಂಡ ಹಾಕುವ ಮೊದಲು ಮೊಟ್ಟೆ ಎಲ್ಲಿರುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಡಬೇಡವೇ?

ಸೊಳ್ಳೆಯ ಮಾತು ಬಂದರೆ ‘ಅದು ಮನುಷ್ಯ ಮಾಡಿದ ವಿಷದ ವಿಷಯ, ಸೃಷ್ಟಿಯ ಚೆಲುವೆಲ್ಲ ಹೀಗೆ ಬಂತು ಎನ್ನುತ್ತೀರಾ?’ ಎಂದು ಒಬ್ಬ ಹಿರಿಯರು ನಮ್ಮನ್ನು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಅಂಗಳದ ಕರಿಬೇವಿನ ಗಿಡವನ್ನು ನೋಡಬಹುದು. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥದ್ದೊಂದು ಅಂಟಿಕೊಂಡಿರುತ್ತದೆ, ಮುಟ್ಟಿದರೆ ಅಲ್ಲಾಡುತ್ತದೆ. ಅದು ಕಾಮನ್ ಮಾರ್ಮನ್ ಎಂಬ ಚಿಟ್ಟೆಯ ಎಳೆಯ ಹುಳು. ಹಿಕ್ಕೆಯನ್ನು ಯಾವ ಹಕ್ಕಿಯೂ ತಿನ್ನುವುದಿಲ್ಲ. ಬಲಿತ ಮೇಲೆ ಅದೇ ಹುಳು ಕರಿಬೇವಿನ ಎಲೆಯಷ್ಟೇ ಹಸಿರಾಗುತ್ತದೆ. ಗಂಡು ಚಿಟ್ಟೆ ಕಪ್ಪು, ಹಿಂದಿನ ರೆಕ್ಕೆಗೆ ಅಡ್ಡಲಾಗಿ ತಿಳಿಬಣ್ಣದ ಮಚ್ಚೆಗಳ ಸಾಲು. ಹೆಣ್ಣುಗಳಲ್ಲಿ ಮಾತ್ರ ಮೂರು ವೇಷ. ಒಂದು ಗಂಡಿನಂತೆಯೇ. ಇನ್ನೆರಡು, ಕ್ರಿಮ್ಸನ್ ರೋಸ್ ಮತ್ತು ಕಾಮನ್ ರೋಸ್ ಎಂಬ ಬೇರೆಯೇ ಚಿಟ್ಟೆಗಳ ಕೆಂಪು ಬಿಳಿ ಗುರುತು ಹೊತ್ತವು. ಆ ರೋಸ್ ಚಿಟ್ಟೆಗಳು ಹುಳುವಾಗಿದ್ದಾಗ ಈಶ್ವರಿ ಬಳ್ಳಿ ತಿಂದು ಅದರ ವಿಷವನ್ನು ಮೈಯಲ್ಲಿ ಇಟ್ಟುಕೊಂಡವು. ಒಮ್ಮೆ ತಿಂದು ಕಕ್ಕಿದ ಹಕ್ಕಿ ಆ ಬಣ್ಣದ ತಂಟೆಗೆ ಮತ್ತೆ ಹೋಗುವುದಿಲ್ಲ. ಕರಿಬೇವಿನ ಚಿಟ್ಟೆಯಲ್ಲಿ ವಿಷ ಇಲ್ಲ, ವಿಷದ ವೇಷ ಮಾತ್ರ ಇದೆ.

‘ಅರ್ಧ ವೇಷದಿಂದ ಏನು ಪ್ರಯೋಜನ? ಪೂರ್ತಿ ಆಗುವವರೆಗೆ ಹಕ್ಕಿ ಕಾಯುತ್ತದೆಯೇ?’ ಎಂದು ಕೇಳಬಹುದು. ಹಾರುವ ಚಿಟ್ಟೆಯನ್ನು ಹಕ್ಕಿ ನೋಡುವುದು ದೂರದಿಂದ, ಮಬ್ಬಿನಲ್ಲಿ, ಅವಸರದಲ್ಲಿ. ಒಂದು ಕೆಂಪು ಮಚ್ಚೆ ಕಂಡು ಹಕ್ಕಿ ಅರೆಕ್ಷಣ ಅನುಮಾನಿಸಿದರೆ ಅಷ್ಟರಲ್ಲಿ ಚಿಟ್ಟೆ ಪಾರು. ಆ ಅರೆಕ್ಷಣದ ಲಾಭ ಮುಂದಿನ ತಲೆಮಾರಿಗೆ ಹೋಗುತ್ತದೆ, ಅಲ್ಲಿ ಇನ್ನೊಂದು ಮಚ್ಚೆ. ಹಾಗಾದರೆ ಎಲ್ಲ ಹೆಣ್ಣುಗಳೂ ವೇಷ ಯಾಕೆ ಹಾಕಿಲ್ಲ? ಸಂತೆಯಲ್ಲಿ ಖೋಟಾ ನೋಟು ನಡೆಯುವುದು ಅಸಲಿ ನೋಟು ಹೆಚ್ಚಿರುವವರೆಗೆ. ಖೋಟಾ ಹೆಚ್ಚಾದರೆ ವ್ಯಾಪಾರಿ ಪ್ರತಿ ನೋಟನ್ನೂ ಬೆಳಕಿಗೆ ಹಿಡಿಯುತ್ತಾನೆ. ವೇಷದ ಚಿಟ್ಟೆಗಳು ಹೆಚ್ಚಾದಷ್ಟೂ ಹಕ್ಕಿಗಳು ‘ಈ ಕೆಂಪು ರುಚಿಯಾಗಿಯೇ ಇದೆ’ ಎಂದು ತಿಳಿಯುತ್ತವೆ, ವೇಷದ ಬೆಲೆ ಇಳಿಯುತ್ತದೆ. ಒಂದೇ ತಾಯಿಯ ಮಕ್ಕಳಲ್ಲಿ ಬೇರೆ ಬೇರೆ ವೇಷ ಉಳಿದಿರುವುದರ ಹಿಂದೆ ಇಂಥ ಲೆಕ್ಕವಿದೆ. ಈ ಚಿಟ್ಟೆಯ ಹೆಣ್ಣುಗಳ ವೇಷವನ್ನು 1865ರಲ್ಲಿ ವಿವರಿಸಿದವನು ಡಾರ್ವಿನ್ನನ ಜೊತೆಗೇ ನಿಸರ್ಗದ ಆಯ್ಕೆಯನ್ನು ಕಂಡುಕೊಂಡ ಆಲ್ಫ್ರೆಡ್ ವಾಲೇಸ್. ಆ ವೇಷ ಯಾವ ವಂಶವಾಹಿಯ ಕೈಯಲ್ಲಿದೆ ಎಂದು 2014ರಲ್ಲಿ ತೋರಿಸಿದವರು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆ ಮತ್ತು ಅವರ ಅಮೆರಿಕದ ಸಂಗಡಿಗರು. ಗಂಡು ಹೆಣ್ಣಿನ ಮೈಯ ವ್ಯತ್ಯಾಸವನ್ನು ನಿರ್ಧರಿಸುವ ‘ಡಬಲ್‌ಸೆಕ್ಸ್’ ಎಂಬ ಒಂದೇ ಹಳೆಯ ವಂಶವಾಹಿ ಇಲ್ಲಿ ರೆಕ್ಕೆಯ ಬಣ್ಣದ ಕೆಲಸಕ್ಕೂ ನಿಂತಿದೆ.

ಇನ್ನೂ ಹತ್ತಿರದಿಂದ ನೋಡಬೇಕೆನ್ನುವವರು ತೂಗುಸೇತುವೆ ದಾಟಿ ರಿಂಗ್ ರಸ್ತೆ ಹಿಡಿದು ಹೆಬ್ಬಾಳದ ಆಚೆ ಜಕ್ಕೂರಿಗೆ ಹೋಗಲಿ. ಅಲ್ಲಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅಮಿತಾಭ್ ಜೋಶಿ ಮತ್ತು ಅವರ ಶಿಷ್ಯರು ಹಣ್ಣಿನ ನೊಣಗಳನ್ನು ನೂರಾರು ತಲೆಮಾರು ಸಾಕಿದರು. ಪ್ರತಿ ತಲೆಮಾರಿನಲ್ಲಿ ಮೊದಲು ಕೋಶ ಬಿಟ್ಟು ಬಂದ ನೊಣಗಳನ್ನಷ್ಟೇ ತಾಯಿ ತಂದೆಗಳಾಗಲು ಬಿಟ್ಟರು. ಬೆಳೆಯುವ ಅವಧಿ ಕುಗ್ಗುತ್ತ ಬಂತು. ಜೊತೆಗೆ ಮೈಯೂ ಕುಗ್ಗಿತು. ಬೇಗ ಬೆಳೆಯುವ ಲಾಭ ಪುಕ್ಕಟೆ ಸಿಗಲಿಲ್ಲ.

ಇಷ್ಟೆಲ್ಲ ನಮ್ಮ ಊರಲ್ಲೇ ನಡೆದಿರುವಾಗ ಇದನ್ನು ಮಕ್ಕಳಿಂದ ಮುಚ್ಚಿಡುವ ಆತುರ ಯಾರಿಗೆ? ದೆಹಲಿಯವರನ್ನು ಬಯ್ಯುವುದು ನಮ್ಮ ಓದುಗರಿಗೆ ಸುಲಭ. 2017ರಲ್ಲಿ ಟರ್ಕಿಯ ಸರ್ಕಾರ ಪ್ರೌಢಶಾಲೆಯ ಪಠ್ಯದಿಂದ ಜೀವವಿಕಾಸವನ್ನು ತೆಗೆದು ಹಾಕಿತು. ಆಗ ನಮ್ಮವರಲ್ಲಿ ಎಷ್ಟು ಜನ ಬೇಸರಪಟ್ಟರು? ಎಷ್ಟು ಜನ ‘ಮಾಷಾ ಅಲ್ಲಾಹ್’ ಎಂದರು? ಹಾರೂನ್ ಯಹ್ಯಾ ಎಂಬ ಹೆಸರಿನಲ್ಲಿ ಅದ್ನಾನ್ ಒಕ್ತಾರ್ ಪ್ರಕಟಿಸಿದ ಪುಸ್ತಕಗಳು ನಮ್ಮ ಮೊಹಲ್ಲಾಗಳಿಗೂ ಬಂದವು. ನುಣುಪು ಕಾಗದ, ಕಣ್ಣು ಕೋರೈಸುವ ಚಿತ್ರ. 2006ರಲ್ಲಿ ಬಂದ ಅವನ ‘ಸೃಷ್ಟಿಯ ಅಟ್ಲಾಸ್’ನಲ್ಲಿ, ಕೋಟ್ಯಂತರ ವರ್ಷಗಳಿಂದ ಬದಲಾಗದೆ ಉಳಿದ ಕೀಟವೆಂದು ಅಚ್ಚಾದ ಒಂದು ಚಿತ್ರ ಕೀಟದ್ದೇ ಅಲ್ಲ. ಮೀನು ಹಿಡಿಯಲು ಮಾಡಿದ ಹುಸಿ ಕೀಟ, ಅದರ ಕೆಳಗೆ ಗಾಳದ ಕೊಕ್ಕೆ ಕೂಡ ಕಾಣುತ್ತದೆ. ಆ ಮನುಷ್ಯ ಆಮೇಲೆ ಬೇರೆ ಅಪರಾಧಗಳಿಗೆ ಜೈಲು ಸೇರಿದ, ಅದು ನಮಗೆ ಬೇಡ. ನಮ್ಮ ತಕರಾರು ಕೊಕ್ಕೆಯದ್ದು. ಕೊಕ್ಕೆಯನ್ನೂ ನೋಡದೆ ನುಂಗಿದವರು ಮೀನುಗಳಲ್ಲ, ಓದಿದವರು.

ಇನ್ನೊಂದು ಬಗೆಯವರು ಇದ್ದಾರೆ. ಅವರು ವಿರೋಧಿಸುವುದಿಲ್ಲ, ‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು’ ಎನ್ನುತ್ತಾರೆ. ಅತ್ತ ಮೀನು, ಆಮೆ, ಹಂದಿ ಎಂದು ದಶಾವತಾರ ಎಣಿಸುವವರು. ಇತ್ತ, ಒಂಬತ್ತನೇ ಶತಮಾನದಲ್ಲಿ ಬಸ್ರಾದಲ್ಲಿದ್ದ ಅಲ್ ಜಾಹಿಝ್ ತನ್ನ ‘ಕಿತಾಬುಲ್ ಹಯವಾನ್’ನಲ್ಲಿ ಡಾರ್ವಿನ್ನನಿಗಿಂತ ಸಾವಿರ ವರ್ಷ ಮೊದಲೇ ಎಲ್ಲ ಹೇಳಿಬಿಟ್ಟಿದ್ದ ಎಂದು ಎದೆ ತಟ್ಟುವವರು. ಜಾಹಿಝ್ ದೊಡ್ಡ ಗದ್ಯಗಾರ. ಪ್ರಾಣಿಗಳು ಒಂದನ್ನೊಂದು ತಿಂದು ಬದುಕುವುದನ್ನು, ನೆಲ ಹವೆ ಜೀವಿಗಳ ಮೇಲೆ ಮಾಡುವ ಪರಿಣಾಮವನ್ನು ಸೊಗಸಾಗಿ ಬರೆದವನು. ಅವನನ್ನು ಓದಬೇಕು, ಅವನಿಗಾಗಿಯೇ ಓದಬೇಕು. ವಂಶದಿಂದ ಬರುವ ಸಣ್ಣ ವ್ಯತ್ಯಾಸ ತಲೆಮಾರುಗಳಲ್ಲಿ ಹೇಗೆ ಕೂಡುತ್ತದೆ ಎಂಬ ಲೆಕ್ಕ ಅವನಲ್ಲಿ ಇಲ್ಲ. ಡಾರ್ವಿನ್ನನ ಅಂಗಿ ಅವನಿಗೆ ತೊಡಿಸುವವರು ಇಬ್ಬರನ್ನೂ ಓದಿಲ್ಲ. ಹೀಗೆ ಹೆಮ್ಮೆ ಪಡುವವರು ಪಾಠ ಕಿತ್ತು ಹಾಕಿದಾಗ ಒಂದು ಅರ್ಜಿಗೂ ಸಹಿ ಹಾಕಲಿಲ್ಲ ಎಂಬುದನ್ನೂ ಗಮನಿಸಿದ್ದೇವೆ.

ಸೃಷ್ಟಿಕರ್ತನ ಪ್ರಶ್ನೆಯನ್ನು ಸೊಳ್ಳೆಯ 1534ನೇ ಕೊಂಡಿ ಬಿಡಿಸುವುದಿಲ್ಲ. ಮಳೆ ಹೇಗೆ ಬರುತ್ತದೆಂದು ಪಾಠದಲ್ಲಿ ಓದಿದ ಮಗು ಮಳೆಗಾಗಿ ದುವಾ ಮಾಡುವುದನ್ನು ಬಿಟ್ಟಿಲ್ಲ. ಈ ವಿಷಯದಲ್ಲಿ ನಮ್ಮ ಆಲಿಮರೇ ಒಂದು ಬಾಯಲ್ಲಿ ಮಾತಾಡಿಲ್ಲ, ಮುಂದೆಯೂ ಮಾತಾಡಲಿಕ್ಕಿಲ್ಲ. ಆ ಚರ್ಚೆಗೆ ಬೇರೆ ಜಾಗ ಇದೆ.

ನಮಗೆ ಹೆಚ್ಚು ಸಿಟ್ಟು ತರಿಸುವುದು ಡಾರ್ವಿನ್ನನನ್ನು ಒಪ್ಪಿದಂತೆ ನಟಿಸುವವರು. ‘ಬಲಿಷ್ಠನಿಗೇ ಬದುಕು, ಇದು ಪ್ರಕೃತಿ ನಿಯಮ ಸ್ವಾಮಿ’ ಎಂದು ಗುಡಿಸಲು ಒಕ್ಕಲೆಬ್ಬಿಸುವಾಗ ಹೇಳುತ್ತಾರೆ, ಬೀದಿ ವ್ಯಾಪಾರಿಯ ತಳ್ಳುಗಾಡಿ ಎತ್ತಿಸುವಾಗ ಹೇಳುತ್ತಾರೆ, ಒಂದು ಸಮುದಾಯ ಹಿಂದುಳಿದಿದ್ದರೆ ಅದರ ಹಣೆಬರಹ ಎನ್ನುವಾಗ ಹೇಳುತ್ತಾರೆ. ಆ ಪದಪುಂಜ ಡಾರ್ವಿನ್ನನದ್ದಲ್ಲ. 1864ರಲ್ಲಿ ಹರ್ಬರ್ಟ್ ಸ್ಪೆನ್ಸರ್ ಹುಟ್ಟಿಸಿದ್ದು, ಡಾರ್ವಿನ್ ಐದು ವರ್ಷದ ಮೇಲೆ ಅದನ್ನು ಎತ್ತಿಕೊಂಡ. ಅದರಲ್ಲಿ ಬಲದ ಮಾತೂ ಇಲ್ಲ, ಇರುವುದು ಒಗ್ಗುವ ಮಾತು. ಈಡಿಸ್ ಯಾವ ಲೆಕ್ಕದಲ್ಲಿ ಬಲಿಷ್ಠ? ಎರಡು ಬೆರಳ ನಡುವೆ ಅಪ್ಪಚ್ಚಿಯಾಗುತ್ತದೆ. ಹಿಕ್ಕೆಯಂತೆ ಬಿದ್ದಿರುವ ಹುಳುವಿನ ಬಲ ಎಷ್ಟು? ಒಂದು ಕಾಲಕ್ಕೆ, ಒಂದು ಜಾಗಕ್ಕೆ ಒದಗಿದ ಗುಣ ಉಳಿಯಿತು, ಕಾಲ ಬದಲಾದರೆ ಅದೇ ಗುಣ ಹೊರೆಯಾಗಬಹುದು. ಅಲ್ಲದೆ, ನಿಸರ್ಗದಲ್ಲಿ ಏನು ನಡೆಯುತ್ತದೆ ಎಂಬುದು ಮನುಷ್ಯರು ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಫತ್ವಾ ಆಗುವುದಿಲ್ಲ. ಬೇವು ಕಹಿಯೆಂದು ತಿಳಿದವನು ಕಹಿಯಾಗಿ ಮಾತಾಡಬೇಕೆಂದಿಲ್ಲ. ಪಾಠವೇ ಇಲ್ಲದ ಕಡೆ ಈ ಗುಂಡಾಗಿರಿಯ ಡಾರ್ವಿನ್ ಮಾತ್ರ ಉಳಿಯುತ್ತಾನೆ, ಚಹಾದಂಗಡಿಯಲ್ಲಿ, ಕಚೇರಿಯಲ್ಲಿ, ಸಿನಿಮಾ ಡೈಲಾಗಿನಲ್ಲಿ. ಪಾಠ ತೆಗೆದವರಿಗೆ ಅದರಿಂದ ನಷ್ಟವೇನೂ ಇಲ್ಲ.

ಕತ್ತರಿಸಿದ ಆ ಪಾಠ ನಮ್ಮ ಕಣ್ಣ ಮುಂದಿದೆ. ಅದರಲ್ಲಿ ಹಸಿರು ಪೊದೆಯೊಂದರಲ್ಲಿ ಹನ್ನೆರಡು ಕೆಂಪು ಜೀರುಂಡೆಗಳು. ಮರಿಗಳಲ್ಲಿ ಒಂದು ಹಸಿರಾಗಿ ಹುಟ್ಟುತ್ತದೆ. ಕಾಗೆಗಳಿಗೆ ಕೆಂಪು ಕಾಣುತ್ತದೆ, ಹಸಿರು ಕಾಣುವುದಿಲ್ಲ. ತಲೆಮಾರು ಕಳೆದಂತೆ ಪೊದೆಯ ತುಂಬ ಹಸಿರು ಜೀರುಂಡೆ. ಇನ್ನೊಂದು ಸಂದರ್ಭದಲ್ಲಿ ಆನೆ ಬಂದು ಪೊದೆ ತುಳಿಯುತ್ತದೆ, ಯಾವ ಬಣ್ಣ ಉಳಿಯಿತೋ ಅದು ಬರೀ ಆಕಸ್ಮಿಕ, ಆಯ್ಕೆಯಲ್ಲ. ಎರಡೇ ಪುಟದಲ್ಲಿ, ಮಂಗನ ಸುದ್ದಿಯಿಲ್ಲದೆ, ಆಯ್ಕೆ ಯಾವುದು ಆಕಸ್ಮಿಕ ಯಾವುದು ಎಂದು ಬಿಡಿಸಿ ಹೇಳಿದ್ದರು. ಕನ್ನಡದ ಓದುಗನಿಗೆ ಇದು ಹೊಸ ರುಚಿಯೂ ಅಲ್ಲ. ತೇಜಸ್ವಿಯವರ ‘ಕರ್ವಾಲೊ’ 1980ರಿಂದ ನಮ್ಮ ಜೊತೆಗಿದೆ. ಹಾರುವ ಓತಿಯನ್ನು ವಿಜ್ಞಾನಿಗಿಂತ ಮೊದಲು ಕಂಡವನು ಜೇನಿನ ಹಿಂದೆ ಅಲೆಯುವ ಮಂದಣ್ಣ. ಕಥೆ ಬರೆಯುವವರಾಗಿ ನಾವು ಆ ಪುಸ್ತಕಕ್ಕೆ ಎಷ್ಟು ಋಣಿ ಎಂಬುದು ಬೇರೆ ಮಾತು.

ಹನ್ನೆರಡನೇ ತರಗತಿಯಲ್ಲಿ ಜೀವವಿಜ್ಞಾನ ತೆಗೆದುಕೊಂಡವರಿಗೆ ಪಾಠ ಉಂಟಲ್ಲ ಎಂಬುದು ಕತ್ತರಿ ಹಿಡಿದವರ ಸಮಾಧಾನ. ಹತ್ತನೇ ತರಗತಿ ಮುಗಿಸಿ ಗ್ಯಾರೇಜಿಗೆ ಹೋಗುವ ಹುಡುಗ, ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿ, ಕಾಮರ್ಸ್ ಹಿಡಿದವರು, ಮದುವೆಯಾಗಿ ಹೋದವರು, ಇವರ ಪಾಲಿಗೆ ಅದು ಕೊನೆಯ ವಿಜ್ಞಾನದ ಪುಸ್ತಕ. ಡ್ರಮ್ಮು ತಿಕ್ಕುವವರೂ, ವೈದ್ಯರು ಬರೆದ ಮಾತ್ರೆಯನ್ನು ಎರಡು ದಿನಕ್ಕೆ ನಿಲ್ಲಿಸುವುದೋ ಪೂರ್ತಿ ನುಂಗುವುದೋ ಎಂದು ತೀರ್ಮಾನಿಸುವವರೂ ಇವರೇ. ಡಾಕ್ಟರಾಗುವ ಮಗುವಿಗೆ ಒಂದು ವಿಜ್ಞಾನ, ದರ್ಜಿಯಾಗುವ ಮಗುವಿಗೆ ಇನ್ನೊಂದು ಎಂದು ಯಾರು ಬೇರ್ಪಡಿಸಿದರು? 2023ರ ಏಪ್ರಿಲ್‌ನಲ್ಲಿ ದೇಶದ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಈ ಕತ್ತರಿಯ ವಿರುದ್ಧ ಸಹಿ ಹಾಕಿದರು. ನಮ್ಮ ಸಮುದಾಯದ ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಗಳಿಂದ ಒಂದು ಮಾತು ಬಂದದ್ದು ನಮ್ಮ ಕಿವಿಗೆ ಬಿದ್ದಿಲ್ಲ. ಪಠ್ಯದಲ್ಲಿ ಟಿಪ್ಪುವಿನ ಒಂದು ಸಾಲು ಹೋದರೆ ಸಭೆ ಕರೆಯುವವರು, ಇದಕ್ಕೂ ಒಂದು ಸಭೆ ಕರೆಯಬಹುದಿತ್ತು. ಪುಸ್ತಕದಲ್ಲಿ ಇಲ್ಲದ್ದನ್ನು ಶನಿವಾರದ ಒಂದು ಪೀರಿಯಡ್ಡಿನಲ್ಲಿ, ಕರಿಬೇವಿನ ಗಿಡದ ಬುಡದಲ್ಲಿ ನಿಲ್ಲಿಸಿ ಹೇಳಲು ಯಾವ ಮಂಡಳಿಯ ಅನುಮತಿಯೂ ಬೇಕಾಗಿಲ್ಲ.

ಮುಂದಿನ ಮಳೆಗಾಲಕ್ಕೆ ನಮ್ಮ ಬೀದಿಗಳಿಗೆ ಹೊಗೆ ಗಾಡಿ ಮತ್ತೆ ಬರುತ್ತದೆ. ಗಾಡಿಯ ಹಿಂದೆ ಓಡುವ ಮಕ್ಕಳು ಓಡುತ್ತಾರೆ. ದೊಡ್ಡವರು ಗಾಡಿಯನ್ನು ನಿಲ್ಲಿಸಿ ಮೂರು ಮಾತು ಕೇಳಲಿ. ಇದರಲ್ಲಿರುವ ವಿಷದ ಹೆಸರೇನು? ಹೋದ ವರ್ಷವೂ ಇದೇ ಇತ್ತೇ? ಕೃಷ್ಣರಾಜಪುರದ ಸೊಳ್ಳೆ ಇದಕ್ಕೆ ಸಾಯುತ್ತದೆಯೆಂದು ಪರೀಕ್ಷೆ ಮಾಡಿದ್ದಾರೆಯೇ? ಆ ಪರೀಕ್ಷೆಗೆ ದೊಡ್ಡ ಯಂತ್ರ ಬೇಡ. ಕೊಳವೆಯೊಳಗೆ ವಿಷ ಸವರಿದ ಕಾಗದ ಇಟ್ಟು, ಹಿಡಿದ ಸೊಳ್ಳೆಗಳನ್ನು ಒಂದು ಗಂಟೆ ಬಿಟ್ಟು, 24 ಗಂಟೆಯ ಮೇಲೆ ಸತ್ತವೆಷ್ಟು ಬದುಕಿದವೆಷ್ಟು ಎಂದು ಎಣಿಸುವುದು. ಎಣಿಸಿದ ಸಂಖ್ಯೆಯನ್ನು ವಾರ್ಡ್ ಕಚೇರಿಯ ಗೋಡೆಗೆ, ಜನ ಓದುವಂತೆ, ಕನ್ನಡದಲ್ಲಿ ಅಂಟಿಸಲಿ.